ಫಾಸ್ಟಸ್‌ನ ಮಾಟ ಬರೀ ಗಿಮಿಕ್ಕೇ?

ಹಳೆಯ ಇಂಗ್ಲಿಷ್ ನಾಟಕಗಳ ಹುಚ್ಚು ನನಗಿದೆ ಅಂತ ತಿಳಿದವರೆಲ್ಲ ಕೇಳುವುದು ಒಂದೇ: ಮಾರ್ಲೋ, ಶೇಕ್ಸ್‌ಪಿಯರ್‌ರಂಥ ಕವಿಗಳಿಗೆ ದೆವ್ವ, ಮಂತ್ರವಾದಿ, ಗುಡುಗು ಮಿಂಚು ಎಲ್ಲ ಯಾಕೆ ಬೇಕಿತ್ತು? ಜನ ಸೇರಿಸುವ ಗಿಮಿಕ್ ತಾನೇ?

ಜನ ಸೇರಿಸುವುದಕ್ಕೂ ಹೌದು. ಮಾರ್ಲೋನ ‘ಡಾಕ್ಟರ್ ಫಾಸ್ಟಸ್’ ನಾಟಕವನ್ನೇ ತೆಗೆದುಕೊಳ್ಳಿ, ಮಾಟದ ಶಕ್ತಿಗಾಗಿ ಸೈತಾನನಿಗೆ ಆತ್ಮ ಮಾರುವ ಪಂಡಿತನ ಕಥೆ ಅದು. ಲಂಡನ್ನಿನ ರಂಗಮಂದಿರದ ಯಜಮಾನ ಫಿಲಿಪ್ ಹೆನ್ಸ್‌ಲೋನ 1598ರ ಸಾಮಾನು ಪಟ್ಟಿಯಲ್ಲಿ ಫಾಸ್ಟಸ್ ನಾಟಕದ ಡ್ರ್ಯಾಗನ್ ಇದೆ, ನರಕದ ಬಾಯಿಯೂ ಇದೆ! ಫಾರ್ಚೂನ್ ರಂಗಮಂದಿರದಲ್ಲಿ ಅದೇ ನಾಟಕ ಹೇಗಿರುತ್ತಿತ್ತೆಂದು ಜಾನ್ ಮೆಲ್ಟನ್ 1620ರಲ್ಲಿ ಬರೆದಿದ್ದಾನೆ. ಕೆದರುಗೂದಲ ದೆವ್ವಗಳು ಬಾಯಲ್ಲಿ ಪಟಾಕಿ ಕಚ್ಚಿಕೊಂಡು ಅಬ್ಬರಿಸುತ್ತ ಓಡಾಡುತ್ತವೆ. ಒಳಗೆ ಬಣ್ಣದ ಮನೆಯಲ್ಲಿ ನಗಾರಿಯವರು ಗುಡುಗು ಹುಟ್ಟಿಸಿದರೆ, ಮೇಲೆ ‘ಸ್ವರ್ಗ’ ಎನ್ನುವ ರಂಗದ ಚಾವಣಿಯಲ್ಲಿ ಕೂಲಿಯಾಳುಗಳು ಮಿಂಚು ಹೊಡೆಯುತ್ತಾರೆ. ಗುಟ್ಟು ಎಲ್ಲರಿಗೂ ಗೊತ್ತಿತ್ತು ಅನ್ನಿ.

ಆದರೆ ಮಾರ್ಲೋನ ಜಾಣತನ ಬೇರೆ ಕಡೆ ಇದೆ. ಆತ್ಮವನ್ನು 24 ವರ್ಷದ ಕರಾರಿಗೆ ಮಾರುವ ಮೊದಲು ಫಾಸ್ಟಸ್ ಜರ್ಮನಿಗೆಲ್ಲ ಹಿತ್ತಾಳೆಯ ಗೋಡೆ ಕಟ್ಟಿಸುತ್ತೇನೆ, ರೈನ್ ನದಿಯನ್ನೇ ತಿರುಗಿಸುತ್ತೇನೆ ಎನ್ನುತ್ತಾನೆ. ಆಮೇಲೆ ಮಾಡಿದ್ದೇನು? ಕಣ್ಣಿಗೆ ಕಾಣದ ಹಾಗೆ ನಿಂತು ಪೋಪನ ತಟ್ಟೆ ಕಸಿಯುತ್ತಾನೆ, ಕಪಾಳಕ್ಕೆ ಬಾರಿಸುತ್ತಾನೆ. ಬಸುರಿ ಡಚೆಸ್‌ಗೆ ಚಳಿಗಾಲದಲ್ಲಿ ದ್ರಾಕ್ಷಿ ತರಿಸಿಕೊಡುತ್ತಾನೆ. ಕುದುರೆ ವ್ಯಾಪಾರಿಗೆ ಟೋಪಿ ಹಾಕುತ್ತಾನೆ. ನಾವು ನಕ್ಕು ಚಪ್ಪಾಳೆ ತಟ್ಟುತ್ತೇವೆ, ಅಷ್ಟರಲ್ಲಿ ಅವನ ವರ್ಷಗಳು ಖರ್ಚಾಗುತ್ತಿರುತ್ತವೆ. ಚಮತ್ಕಾರ ಕ್ಷುಲ್ಲಕವಾದಷ್ಟೂ ವ್ಯಾಪಾರದ ನಷ್ಟ ಎದ್ದು ಕಾಣುತ್ತದೆ. ಈ ದೃಶ್ಯಗಳು ಪೇಲವ ಎಂದು ಕತ್ತರಿಸುವ ನಿರ್ದೇಶಕರನ್ನು ಕಂಡರೆ ನನಗೆ ಸಿಟ್ಟು. ಅವನ್ನು ತೆಗೆದರೆ ಕೊನೆಯ ಗಂಟೆಗೆ ಕಸುವೇ ಇಲ್ಲ. ಕರಾರು ಮುಗಿಯುವ ರಾತ್ರಿ ಗಡಿಯಾರ ಹನ್ನೊಂದು ಹೊಡೆದ ಮೇಲೆ ಅವನ ಕೈಲಿ ಒಂದು ಮಂತ್ರವೂ ಉಳಿದಿರುವುದಿಲ್ಲ, ಬರೀ ಮಾತು. ಗುಡುಗು ಮತ್ತೆ ಕೇಳಿಸುವುದು ಹನ್ನೆರಡಕ್ಕೆ, ದೆವ್ವಗಳು ಅವನನ್ನು ಎಳೆದೊಯ್ಯಲು ಬಂದಾಗ.

ಶೇಕ್ಸ್‌ಪಿಯರ್‌ನ ‘ಟೆಂಪೆಸ್ಟ್’ನಲ್ಲೂ ಮಾಟಕ್ಕೆ ಹೀಗೇ ಕೆಲಸವಿದೆ: ಮಂತ್ರವಾದಿ ಪ್ರಾಸ್ಪೆರೋಗೆ ಹಿಂದೆ ದ್ರೋಹ ಬಗೆದು ಈಗ ಹಸಿದಿರುವವರ ಮುಂದಿನ ಔತಣ ಮಾಯವಾಗುವುದು ಅವರ ಪಾಪವನ್ನು ಎತ್ತಿ ಹೇಳುವ ಹೊತ್ತಿಗೇ.

ಹಾಗಂತ ಎಲ್ಲವನ್ನೂ ಸಮರ್ಥಿಸಲಾರೆ. ಫಾಸ್ಟಸ್ ನಾಟಕಕ್ಕೆ ಹೊಸ ಭಾಗ ಸೇರಿಸಲು ಹೆನ್ಸ್‌ಲೋ 1602ರಲ್ಲಿ ಇಬ್ಬರಿಗೆ 4 ಪೌಂಡ್ ಕೊಟ್ಟ. 1616ರ ಮುದ್ರಣದಲ್ಲಿ ಶತ್ರುಗಳು ಫಾಸ್ಟಸ್‌ನ ತಲೆ ಕಡಿಯುತ್ತಾರೆ, ಅದು ಸುಳ್ಳು ತಲೆ, ಅವನು ಎದ್ದು ನಿಲ್ಲುತ್ತಾನೆ, 1604ರದರಲ್ಲಿ ಇದಿಲ್ಲ. ನೋಡಲು ಮಜವಾಗಿದೆ, ಫಾಸ್ಟಸ್‌ನ ಬಗ್ಗೆ ಮಾತ್ರ ಹೊಸದೇನೂ ತಿಳಿಯುವುದಿಲ್ಲ. ಅದನ್ನು ಗಿಮಿಕ್ ಅಂದರೆ ನಾನು ಜಗಳಕ್ಕೆ ಬರುವುದಿಲ್ಲ.