ಡೇರೆ ಗಡ್ಡೆ

ಇವತ್ತು ಶಿರಸಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಕ್ಕನ ಚೀಲದಲ್ಲಿ ಪೇಪರ್ ಸುತ್ತಿದ ಡೇರೆ ಗಡ್ಡೆ, ಅಂದರೆ ಡೇಲಿಯಾ ಹೂವಿನ ಗಡ್ಡೆ, ಕಂಡಿತು.

"ಯಾವ ಬಣ್ಣ ಅಕ್ಕಾ?" ಅಂದೆ. ಅಷ್ಟೇ. ಆಮೇಲೆ ಮುಕ್ಕಾಲು ಗಂಟೆ ಇಬ್ಬರೂ ಕಿಟಕಿ ಕಡೆ ನೋಡಲೇ ಇಲ್ಲ.

ಒಂದು ಗಡ್ಡೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಸಣ್ಣ ಗೆಣಸಿನ ಹಾಗೆ, ಮೈಗೆಲ್ಲ ಒಣ ಮರಳು. ಕುತ್ತಿಗೆ ಹತ್ತಿರ ಸಾಸಿವೆಯಷ್ಟು ಗುಲಾಬಿ ಮೊಳಕೆ. "ಇದು ಕಣ್ಣು ನೋಡು. ಇದಿಲ್ಲದಿದ್ದರೆ ಎಷ್ಟು ದಪ್ಪ ಗಡ್ಡೆಯಾದರೂ ಚಿಗುರೋದಿಲ್ಲ" ಅಂದರು. ಹೋದ ವರ್ಷ ನಾನು ನೆಟ್ಟಿದ್ದರಲ್ಲಿ ನಾಲ್ಕು ಯಾಕೆ ಮಣ್ಣಲ್ಲೇ ಕೊಳೆತವು ಅಂತ ಈಗ ಗೊತ್ತಾಯಿತು.

ಡೇರೆಯ ತವರು ಮೆಕ್ಸಿಕೊ. 1963ರಿಂದ ಅಲ್ಲಿನ ರಾಷ್ಟ್ರೀಯ ಹೂವು. ಆದರೆ ಮಳೆಗಾಲದಲ್ಲಿ ಡೇರೆ ಇಲ್ಲದ ಮಲೆನಾಡಿನ ಅಂಗಳ ಬೋಳು ಬೋಳು, ಅಲ್ವಾ? ಕೊಂಡು ತಂದದ್ದಕ್ಕಿಂತ ಕೈಯಿಂದ ಕೈಗೆ ಬಂದದ್ದೇ ಜಾಸ್ತಿ. ತವರಿಗೆ ಹೋದಾಗ, ಮದುವೆ ಮನೆಯಲ್ಲಿ, ಹಿತ್ತಿಲ ಬೇಲಿ ಮೇಲಿಂದ.

ಇಷ್ಟಪಟ್ಟು ಹಳ್ಳಿಯಲ್ಲಿರುವವಳಿಗೆ "ಬೇಜಾರಾಗೋದಿಲ್ವಾ?" ಅಂತ ಕೇಳುವವರೇ ಎಲ್ಲ. ಈ ಅಕ್ಕ ಕೇಳಿದ್ದು, "ನಿನ್ನ ಅಂಗಳಕ್ಕೆ ಬಿಸಿಲು ಯಾವ ಕಡೆಯಿಂದ ಬರ್ತದೆ?" ಎಷ್ಟು ಖುಷಿಯಾಯಿತು ಗೊತ್ತಾ!

ಇಳಿಯುವಾಗ ಎರಡು ಗಡ್ಡೆ ಕೊಟ್ಟರು. ನನ್ನ ಚೀಲದಲ್ಲಿ ಮೊಗೆಕಾಯಿ ಬೀಜ ಇತ್ತು, ಅದನ್ನು ಕೊಟ್ಟೆ. ನಂಬರ್ ತಗೊಂಡೆ, ಹೆಸರು ಕೇಳಲು ಮರೆತೆ. ಫೋನಿನಲ್ಲಿ "ಡೇರೆ ಅಕ್ಕ" ಅಂತಲೇ ಇದೆ.

ಮನೆಗೆ ಬಂದವಳೇ ಚಹಾ ಕೂಡ ಕುಡಿಯದೆ, ಕಣ್ಣು ಮೇಲೆ ಬರುವ ಹಾಗೆ ಎರಡನ್ನೂ ನೆಟ್ಟೆ.