ಸ್ಕೀ ಮೇಲೆ ತಿರುಗುವುದನ್ನು ಕಲಿಯಲು ಐದು ದಿನ: ಶಿರಸಿಯಿಂದ ಗುಲ್ಮಾರ್ಗ್‌ಗೆ

ಕಾಶ್ಮೀರದ ಗುಲ್ಮಾರ್ಗ್ ನೋಡಿ ಬಂದವರು ನಮ್ಮ ಶಿರಸಿ, ಕುಮಟಾ ಕಡೆಯಲ್ಲಿ ಈಗ ಬೇಕಾದಷ್ಟು ಮಂದಿ ಇದ್ದಾರೆ. ಹೆಚ್ಚಿನವರು ಬೆಳಿಗ್ಗೆ ಹೋಗಿ, ಬಾಡಿಗೆಯ ಸ್ಕೀ (ಹಿಮದ ಮೇಲೆ ಜಾರಲು ಬೂಟಿಗೆ ಸಿಕ್ಕಿಸುವ ಉದ್ದನೆಯ ಪಟ್ಟಿ) ಕಟ್ಟಿಕೊಂಡು ನಾಲ್ಕು ಮಾರು ಜಾರಿ, ಫೋಟೋ ತೆಗೆಸಿಕೊಂಡು ಸಂಜೆಯೊಳಗೆ ಶ್ರೀನಗರಕ್ಕೆ ಮರಳುತ್ತಾರೆ. ನಾನು ಮತ್ತು ನನ್ನ ತಮ್ಮ ಕಳೆದ ಫೆಬ್ರುವರಿಯಲ್ಲಿ ಅಲ್ಲಿಯೇ ಉಳಿದು ಐದು ದಿನ ಕಲಿತೆವು. ಜಾರುವುದನ್ನು ಯಾರೂ ಕಲಿಸಬೇಕಾಗಿಲ್ಲ, ಇಳಿಜಾರೇ ಅದನ್ನು ಮಾಡಿಸುತ್ತದೆ. ಕಲಿಯಬೇಕಾದದ್ದು ತಿರುಗುವುದನ್ನು. ತಿರುಗಲು ಬಂದರೆ ವೇಗ ತಗ್ಗಿಸಲು ಬರುತ್ತದೆ, ನಿಲ್ಲಲು ಬರುತ್ತದೆ, ಎದುರಿಗೆ ಬಂದ ಮಗುವಿನಿಂದ ದೂರ ಸರಿಯಲೂ ಬರುತ್ತದೆ. ಅದಕ್ಕೆ ಒಂದು ಹಗಲು ಸಾಲದು. ಹೋಗುವ ಯೋಚನೆ ಇದ್ದವರು ದಯವಿಟ್ಟು ರಜೆಯನ್ನು ಹಾಗೆಯೇ ಲೆಕ್ಕ ಹಾಕಿ.

ಶಿರಸಿಗೆ ರೈಲಿಲ್ಲ. ನಾವು ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದೆವು, ಮರುದಿನ ದೆಹಲಿಯ ನಿಜಾಮುದ್ದೀನ್‌ನಲ್ಲಿ ಇಳಿದೆವು, ಅಲ್ಲಿಂದ ಶ್ರೀನಗರಕ್ಕೆ ವಿಮಾನ. ಚಳಿಗಾಲದಲ್ಲಿ ಉತ್ತರದ ಮಂಜಿಗೆ ರೈಲು, ವಿಮಾನ ಎರಡೂ ತಡವಾಗುತ್ತವೆ. ಇಳಿದ ದಿನವೇ ವಿಮಾನ ಹಿಡಿಯುವ ಸಾಹಸ ಬೇಡ, ಒಂದು ರಾತ್ರಿ ದೆಹಲಿಯಲ್ಲಿ ಕಳೆಯಿರಿ. ಇನ್ನೊಂದು ಮಾತು: ನಮ್ಮ ಕಡೆಯ ಪ್ರೀಪೇಯ್ಡ್ ಮೊಬೈಲ್ ಸಂಖ್ಯೆ ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ತಮ್ಮನ ಫೋನು ಶ್ರೀನಗರದಲ್ಲಿ ಇಳಿದ ಕ್ಷಣದಿಂದ ಮೌನವಾಯಿತು. ಜೊತೆಯಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

ಶ್ರೀನಗರದಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್. ಟಾಂಗ್‌ಮಾರ್ಗ್‌ನಿಂದ ಮೇಲಿನ ಕೊನೆಯ 13 ಕಿಲೋಮೀಟರ್ ಘಟ್ಟದ ದಾರಿ. ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನಗಳನ್ನು ಮಾತ್ರ ಬಿಡುತ್ತಾರೆ. ಟ್ಯಾಕ್ಸಿಯ ಬಾಡಿಗೆ ಮಾತನಾಡುವಾಗಲೇ, ಅದು ಟಾಂಗ್‌ಮಾರ್ಗ್‌ವರೆಗೋ ಗುಲ್ಮಾರ್ಗ್‌ವರೆಗೋ ಎಂದು ಕೇಳಿಕೊಳ್ಳಿ.

ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಸಮುದ್ರದ ಮಟ್ಟದಲ್ಲಿ ಬೆಳೆದ ನಮ್ಮ ಕರಾವಳಿಯವರಿಗೆ ಮೊದಲ ದಿನ ತಲೆ ಭಾರವಾಗುವುದು, ಹತ್ತು ಹೆಜ್ಜೆಗೆ ಏದುಸಿರು ಬರುವುದು ಸಹಜ. ಆ ದಿನ ನೀರು ಕುಡಿದು, ಬೆಚ್ಚಗೆ ಮಲಗಿ. ಚೀಲದಲ್ಲಿದ್ದ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಕಲ್ಲಾಗಿತ್ತು. ಮುಖಕ್ಕೆ ಅದರ ಬದಲು ಸನ್‌ಸ್ಕ್ರೀನ್ ಬೇಕು, ಕಣ್ಣಿಗೆ ಗಾಗಲ್ಸ್ ಬೇಕೇ ಬೇಕು. ಹಿಮದಿಂದ ಮೇಲಕ್ಕೆ ಹೊಡೆಯುವ ಬಿಸಿಲು ನಮ್ಮ ಸಮುದ್ರ ತೀರದ ಬಿಸಿಲಿಗಿಂತ ಕ್ರೂರ.

ಬೂಟಿನ ವಿಷಯದಲ್ಲಿ ನಾವು ಮೊದಲ ದಿನವನ್ನೇ ಕಳೆದುಕೊಂಡೆವು. ಬಾಡಿಗೆಯ ಅಂಗಡಿಯೊಂದರಲ್ಲಿ ನನಗೆ ಎರಡು ಅಳತೆ ದೊಡ್ಡ ಬೂಟು ಕೊಟ್ಟು, ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ ಎಂದರು. ಬೂಟಿನೊಳಗೆ ಕಾಲು ತಿರುಗಿದರೂ ಸ್ಕೀ ತಿರುಗಲಿಲ್ಲ. ಮರುದಿನ ಬೇರೆ ಕಡೆ ಹೋಗಿ ಬದಲಾಯಿಸಿಕೊಂಡೆ. ನೆಟ್ಟಗೆ ನಿಂತಾಗ ಹೆಬ್ಬೆರಳು ಬೂಟಿನ ಮುಂಭಾಗಕ್ಕೆ ಮೆಲ್ಲಗೆ ತಾಗಬೇಕು, ಮಂಡಿ ಮುಂದಕ್ಕೆ ಬಾಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು. ಒಂದೇ ಜೊತೆ ತೆಳುವಾದ ಉದ್ದನೆಯ ಕಾಲುಚೀಲ ಸಾಕು. ಸ್ಕೀ ನಿಮ್ಮ ಗದ್ದದ ಎತ್ತರಕ್ಕಿದ್ದರೆ ತಿರುಗಿಸಲು ಸುಲಭ. ನಿಮ್ಮ ನಿಜವಾದ ತೂಕ ಹೇಳಿ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವ ಬಿಗಿತವನ್ನು ಆ ತೂಕ ನೋಡಿ ಹೊಂದಿಸುತ್ತಾರೆ, ಕಳಚದಿದ್ದರೆ ಮಂಡಿಗೆ ಅಪಾಯ. ಹೆಲ್ಮೆಟ್ ಕೇಳಿ ಪಡೆಯಿರಿ. ಜೀನ್ಸ್ ಬೇಡ, ಹತ್ತಿ ಬಟ್ಟೆ ಒದ್ದೆಯಾದರೆ ಅಲ್ಲಿ ಒಣಗುವುದಿಲ್ಲ.

ಈಗ ತಿರುವಿನ ಮಾತಿಗೆ ಬರುತ್ತೇನೆ. ಚಿಕ್ಕವರಿದ್ದಾಗ ನಾವು ಬೇಣದ ಇಳಿಜಾರಿನಲ್ಲಿ ಅಡಿಕೆ ಹಾಳೆಯ ಮೇಲೆ ಕುಳಿತು ಜಾರುತ್ತಿದ್ದೆವು. ವೇಗ ಹೆಚ್ಚಿದರೆ ಮೈ ತಾನಾಗಿ ಹಿಂದಕ್ಕೆ ವಾಲುತ್ತಿತ್ತು. ಹಾಳೆಗೆ ಅದು ಸರಿ, ಸ್ಕೀಗೆ ಅದೇ ಶತ್ರು. ಹಿಂದಕ್ಕೆ ವಾಲಿದೊಡನೆ ಸ್ಕೀಯ ಮುಂಭಾಗದ ಮೇಲಿನ ಭಾರ ಹೋಗುತ್ತದೆ, ಅದು ಹಿಮವನ್ನು ಹಿಡಿಯುವುದಿಲ್ಲ, ನೀವು ಹೇಳಿದ ಕಡೆ ತಿರುಗುವುದಿಲ್ಲ. ಕಲಿಸುತ್ತಿದ್ದ ಹಿರಿಯರು ನನ್ನ ಈ ಅಭ್ಯಾಸವನ್ನು ಕಂಡು, ಹತ್ತು ರೂಪಾಯಿಯ ನೋಟೊಂದನ್ನು ಮಡಚಿ ನನ್ನ ಮುಂಗಾಲಿಗೂ (ಮಂಡಿಯ ಕೆಳಗೆ ಕಾಲಿನ ಮುಂಭಾಗ) ಬೂಟಿನ ನಾಲಿಗೆಗೂ ನಡುವೆ ಸಿಕ್ಕಿಸಿದರು. ‘ದೀದಿ, ಕೆಳಗೆ ಹೋಗುವವರೆಗೆ ಇದು ಬೀಳಬಾರದು’ ಎಂದರು. ಮೂರು ಸಲ ಬಿತ್ತು. ನಾಲ್ಕನೆಯ ಸಲ ಕೆಳಗೆ ನಿಂತು ನೋಡಿದರೆ ಒದ್ದೆಯಾದ ನೋಟು ಅಲ್ಲಿಯೇ ಇತ್ತು. ಅಂದು ಸಂಜೆ ನೋಯಬೇಕಾದ ಮುಂಗಾಲು ನೋಯುತ್ತಿತ್ತು, ನನಗೆ ಬಹಳ ಸಂತೋಷವಾಯಿತು.

ಮೊದಲು ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂಭಾಗವನ್ನು ಅಗಲಿಸಿ, ಒಳ ಅಂಚುಗಳಿಂದ ಹಿಮವನ್ನು ಕೆರೆಯುತ್ತ ಇಳಿಯಬೇಕು. ಆ ಆಕಾರಕ್ಕೆ ಅಲ್ಲಿ ಎಲ್ಲರೂ ಪಿಜ್ಜಾ ಎನ್ನುತ್ತಾರೆ. ಇದೇ ಭಂಗಿಯಲ್ಲಿ ಎಡಕ್ಕೆ ತಿರುಗಬೇಕೆಂದರೆ ಬಲಗಾಲಿನ ಮೇಲೆ ಭಾರ ಬಿಡಬೇಕು, ಬಲಕ್ಕೆ ಎಂದರೆ ಎಡಗಾಲಿನ ಮೇಲೆ. ಮೈಯನ್ನು ತಿರುಚಬೇಕಾಗಿಲ್ಲ, ಭುಜ ಬೀಸಬೇಕಾಗಿಲ್ಲ. ಸ್ಕೀ ನಡುವೆ ಕಿರಿದು, ತುದಿಗಳಲ್ಲಿ ಅಗಲ. ಅಂಚಿನ ಮೇಲೆ ಭಾರ ಬಿದ್ದರೆ ಅದು ತನ್ನ ಆಕಾರದಿಂದಲೇ ಬಾಗಿದ ದಾರಿ ಹಿಡಿಯುತ್ತದೆ. ಆದರೆ ಅದಕ್ಕೆ ಒಂದೆರಡು ಕ್ಷಣ ಬೇಕು. ಆ ಕ್ಷಣಗಳಲ್ಲಿ ಸ್ಕೀ, ನೀರು ಚೆಲ್ಲಿದರೆ ಹರಿಯುವ ದಿಕ್ಕಿಗೆ ನೇರವಾಗಿ ಮುಖ ಮಾಡಿರುತ್ತದೆ, ವೇಗ ಏರುತ್ತದೆ, ಎದೆ ಝಲ್ಲೆನ್ನುತ್ತದೆ. ನಾವೆಲ್ಲ ಕೈಬಿಡುವುದು ಅಲ್ಲಿಯೇ. ಬಾಯಿಬಿಟ್ಟು ‘ಒಂದು, ಎರಡು, ಮೂರು’ ಎಂದು ಎಣಿಸಿ, ಭಾರವನ್ನು ಹೊರಗಾಲಿನ ಮೇಲೆ (ಎಡಕ್ಕೆ ತಿರುಗುವಾಗ ಬಲಗಾಲು, ಬಲಕ್ಕಾದರೆ ಎಡಗಾಲು) ಹಾಗೆಯೇ ಇಡಿ. ಮೂರು ಎನ್ನುವಷ್ಟರಲ್ಲಿ ಸ್ಕೀ ಇಳಿಜಾರಿಗೆ ಅಡ್ಡವಾಗುತ್ತದೆ, ವೇಗ ತಾನೇ ಇಳಿಯುತ್ತದೆ. ಕಣ್ಣು ಸ್ಕೀಯ ತುದಿಯ ಮೇಲೆ ಬೇಡ, ಹೋಗಬೇಕಾದ ಜಾಗದ ಮೇಲಿರಲಿ. ದೇವಿಮನೆ ಘಟ್ಟದಲ್ಲಿ ಬಸ್ಸಿನ ಚಾಲಕರ ಪಕ್ಕ ಕುಳಿತು ನೋಡಿ, ಅವರ ದೃಷ್ಟಿ ಯಾವಾಗಲೂ ಮುಂದಿನ ತಿರುವಿನಲ್ಲಿರುತ್ತದೆ.

ಎಲ್ಲರಿಗೂ ಒಂದು ಕಡೆಯ ತಿರುವು ಬೇಗ ಒಲಿಯುತ್ತದೆ, ಇನ್ನೊಂದು ಸತಾಯಿಸುತ್ತದೆ. ತಮ್ಮನಿಗೆ ಎಡಕ್ಕೆ ಸರಾಗ, ಬಲಕ್ಕೆ ಬರಲೇ ಇಲ್ಲ. ಹಿಂದೊಮ್ಮೆ ಬೈಕಿನಿಂದ ಬಿದ್ದು ಉಳುಕಿದ್ದ ಎಡಗಾಲಿನ ಮೇಲೆ ಭಾರ ಬಿಡಲು ಅವನಿಗೆ ಧೈರ್ಯವಾಗುತ್ತಿರಲಿಲ್ಲ. ಬಾರದ ಕಡೆಗೆ ದಿನಕ್ಕೆ ಇಪ್ಪತ್ತು ತಿರುವು ಹೆಚ್ಚು ಮಾಡಬೇಕೆಂದು ಗುರುಗಳು ಲೆಕ್ಕ ಕೊಟ್ಟರು. ನಾಲ್ಕನೆಯ ದಿನ, ಹೊತ್ತು ಏರಿ ಹಿಮ ಮೆದುವಾದ ಮೇಲೆ (ಬೆಳಿಗ್ಗೆ ಬೇಗ ಅದು ಗಾಜಿನಂತೆ ಗಟ್ಟಿಯಾಗಿರುತ್ತದೆ, ಅವಸರ ಬೇಡ), ಎಡ, ಬಲ, ಎಡ, ಬಲ ಎಂದು ನಿಲ್ಲದೆ ಆರು ತಿರುವು ಜೋಡಿಸಿ ಕೆಳಗಿಳಿದವನೇ ‘ಅಕ್ಕಾ, ನೋಡಿದೆಯಾ?’ ಎಂದು ಕೂಗಿದ. ನೋಡಿದ್ದೆ, ಕಣ್ಣು ತುಂಬಿತ್ತು.

ಇಷ್ಟೂ ನಡೆದದ್ದು ಕೆಳಗಿನ ಮೆಲ್ಲನೆಯ ಇಳಿಜಾರಿನಲ್ಲಿ. ಗೊಂಡೊಲಾದ, ಅಂದರೆ ಅಲ್ಲಿನ ಕೇಬಲ್ ಕಾರಿನ, ಎರಡನೆಯ ಹಂತ 3,900 ಮೀಟರಿಗೂ ಮೇಲೆ, ಅಫರ್ವತ್ ಪರ್ವತಕ್ಕೆ ಒಯ್ಯುತ್ತದೆ. ನೋಡಲು ಖಂಡಿತ ಹೋಗಿ, ಸ್ಕೀ ಹೊತ್ತು ಹೋಗಬೇಡಿ. ಅಲ್ಲಿ ಹಿಮಕುಸಿತದ ಭಯವಿದೆ. ಕಲಿಸುವವರನ್ನು ಗೊತ್ತು ಮಾಡುವಾಗ ದಿನದ ಲೆಕ್ಕವೋ ಗಂಟೆಯ ಲೆಕ್ಕವೋ, ಒಬ್ಬರಿಗೆ ಎಷ್ಟು ಮಂದಿ ಶಿಷ್ಯರು ಎಂದು ಕೇಳಿ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೂ ಗುಲ್ಮಾರ್ಗ್‌ನಲ್ಲಿದೆ, ಅದರ ಶಿಬಿರಗಳಿಗೆ ಮುಂಚಿತವಾಗಿ ಅರ್ಜಿ ಹಾಕಬೇಕು. ಹೊರಡುವ ಒಂದು ತಿಂಗಳ ಮೊದಲಿನಿಂದ ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆ ಕುರ್ಚಿಯ ಮೇಲೆ ಕುಳಿತಂತೆ ನಿಮಿಷಗಟ್ಟಲೆ ನಿಲ್ಲಿ, ತೊಡೆಗೆ ಅದು ಬೇಕು.

ಮರಳುವ ಟಿಕೆಟ್ ಮಾಡಿಸುವಾಗ ಒಂದು ದಿನ ಬಿಡುವು ಇಟ್ಟುಕೊಳ್ಳಿ. ನಾವು ಹೊರಡಬೇಕಾದ ಬೆಳಿಗ್ಗೆ ಹಿಮ ಸುರಿದು ಟಾಂಗ್‌ಮಾರ್ಗ್ ದಾರಿ ಮುಚ್ಚಿತ್ತು, ವಿಮಾನ ಇದ್ದದ್ದು ಮರುದಿನ. ಮಧ್ಯಾಹ್ನದ ಹೊತ್ತಿಗೆ ಹಿಮ ನಿಂತಿತು. ಬಲಗಡೆಯ ತಿರುವು ಇನ್ನೂ ಎಂಟು ಬಾಕಿ ಇದೆ ಎಂದು ತಮ್ಮ ಮತ್ತೆ ಹೋಗಿ ಸ್ಕೀ ಬಾಡಿಗೆಗೆ ತಂದ.