ಹಿಮ್ಮಡಿ

ನಮ್ಮ ಬೈಬಲ್ ಪಾಠದ ಮೇಷ್ಟ್ರಿಗೆ ಹಾಜರಿ ಹಾಕುವಾಗ "ಪ್ರೆಸೆಂಟ್ ಸರ್" ಅಂದರೆ ಸಾಲುತ್ತಿರಲಿಲ್ಲ. ಮೊದಲ ದಿನ ಪ್ರತಿಯೊಬ್ಬರನ್ನೂ ನಿಲ್ಲಿಸಿ "ನಿನ್ನ ಹೆಸರಿನ ಅರ್ಥ ಹೇಳೋ" ಅಂದರು. ನಮಗೆ ಗೊತ್ತಿದ್ದರೆ ತಾನೇ! ಡ್ಯಾನಿಯಲ್ ಅಂದರೆ 'ದೇವರೇ ನನ್ನ ನ್ಯಾಯಾಧಿಪತಿ' ಅಂತ ಅವರೇ ಹೇಳಿದರು. ಕೊನೆಯ 'ಏಲ್' ಅಂದರೆ ದೇವರು, ಇಮ್ಮಾನುವೇಲ್‌ನಲ್ಲೂ ಅದೇ ಇದೆ, 'ದೇವರು ನಮ್ಮ ಸಂಗಡ'. ಮೈಕೆಲ್ ಅಂತೂ ಹೆಸರೇ ಅಲ್ಲ, ಒಂದು ಪ್ರಶ್ನೆ: 'ದೇವರಂತೆ ಇರೋರು ಯಾರು?' ಥಾಮಸ್ ಅಂದರೆ ಅವಳಿ ಅಂತ. ನಮ್ಮ ಥಾಮಸ್ ಒಬ್ಬನೇ ಹುಟ್ಟಿದ್ದ, ಪಾಪ, ವಾರವೆಲ್ಲ ಅದನ್ನೇ ಯೋಚಿಸುತ್ತಿದ್ದ.

ನನ್ನ ಸರದಿ ಬಂತು. ಜೇಕಬ್, ಅಂದರೆ ಕನ್ನಡ ಬೈಬಲಿನ ಯಾಕೋಬ.

"ಹಿಮ್ಮಡಿ" ಅಂದರು ಮೇಷ್ಟ್ರು.

ಇಡೀ ಕ್ಲಾಸು ನಕ್ಕಿತು. ಹೀಬ್ರೂ ಭಾಷೆಯಲ್ಲಿ ಹಿಮ್ಮಡಿಗೆ 'ಅಕೇವ್' ಅಂತಾರಂತೆ, ಯಾಕೋಬ ಅನ್ನೋದು ಅದರ ಪಕ್ಕದ ಮನೆಯ ಮಾತು. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 25ನೇ ಅಧ್ಯಾಯದಲ್ಲಿ ಅವಳಿ ಮಕ್ಕಳು ಹುಟ್ಟುವಾಗ ಎರಡನೆಯವನು ಅಣ್ಣ ಏಸಾವನ ಹಿಮ್ಮಡಿ ಹಿಡಿದುಕೊಂಡೇ ಹೊರಗೆ ಬಂದ, ಅದಕ್ಕೆ ಆ ಹೆಸರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. 27ನೇ ಅಧ್ಯಾಯವನ್ನೂ ಓದಿಸಿದರು. ಅಲ್ಲಿ ಏಸಾವ ಅಳುತ್ತಾ, ಅವನಿಗೆ ಯಾಕೋಬ ಅಂತ ಸರಿಯಾಗೇ ಹೆಸರಿಟ್ಟಿದ್ದಾರೆ, ಎರಡು ಸಲ ನನಗೆ ಮೋಸ ಮಾಡಿದ ಅಂತಾನೆ. ಅಂದರೆ ನಾನು ಮೋಸಗಾರ. ಶಾಲೆ ಬಿಡುವವರೆಗೂ ನಾನು ಎಲ್ಲರ ಬಾಯಲ್ಲಿ ಹಿಮ್ಮಡಿಯೇ.

ಒಂದೆರಡು ತಿಂಗಳು ನಾನು ಆ ಪೀರಿಯಡ್‌ನಲ್ಲಿ ಕೊನೆಯ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಮೇಷ್ಟ್ರು ಅದನ್ನು ಗಮನಿಸಿದ್ದರೋ ಇಲ್ಲವೋ, ಒಂದು ದಿನ ಸುಮ್ನೆ ಬಂದು ಬೋರ್ಡಿನ ಎಡಕ್ಕೆ 27, ಬಲಕ್ಕೆ 32 ಅಂತ ಬರೆದರು. ಎರಡೂ ಕಡೆ ಒಂದೇ ಪ್ರಶ್ನೆ ಇದೆ ನೋಡಿ ಅಂದರು. ಎಡಗಡೆ ಕಣ್ಣು ಕಾಣದ ಅಪ್ಪ ಇಸಾಕ ಕೇಳುತ್ತಾನೆ, ಮಗನೇ, ನೀನು ಯಾರು? ಅಣ್ಣನ ಕೈ ತುಂಬ ಕೂದಲು, ಅಪ್ಪ ಮುಟ್ಟಿ ನೋಡಿದರೂ ಗೊತ್ತಾಗಬಾರದು ಅಂತ ಯಾಕೋಬ ಕೈಗೆ ಆಡಿನ ಚರ್ಮ ಸುತ್ತಿಕೊಂಡು "ನಾನು ಏಸಾವ" ಅಂತಾನೆ, ಆಶೀರ್ವಾದ ಹೊಡೆದುಕೊಂಡು ಹೋಗುತ್ತಾನೆ. ಬಲಗಡೆ 20 ವರ್ಷ ಮಾವನ ಮನೆಯಲ್ಲಿ ದುಡಿದು, ತಾನೂ ಚೆನ್ನಾಗಿ ಮೋಸ ಹೋಗಿ, ಊರಿಗೆ ವಾಪಸ್ ಬರುತ್ತಿದ್ದಾನೆ. ಯಬ್ಬೋಕ್ ಹೊಳೆಯ ಹತ್ತಿರ ಒಬ್ಬನೇ ಇದ್ದಾಗ ಯಾರೋ ಬಂದು ಬೆಳಗಾಗುವ ತನಕ ಅವನ ಜೊತೆ ಕುಸ್ತಿ ಆಡುತ್ತಾರೆ. ಆಶೀರ್ವಾದ ಕೊಡದೆ ಬಿಡಲ್ಲ ಅಂತ ಇವನ ಹಟ. ಆಗ ಕೇಳುತ್ತಾರೆ, ನಿನ್ನ ಹೆಸರೇನು?

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಎದ್ದು ನಿಂತು "ಯಾಕೋಬ" ಅಂದೆ.

"ಹ್ಞಾಂ. ಈ ಸಲ ನಿಜ ಹೇಳಿದ" ಅಂದರು. ಆಮೇಲೇ ಅವನಿಗೆ ಇಸ್ರಾಯೇಲ್ ಅನ್ನುವ ಹೆಸರು ಸಿಕ್ಕಿದ್ದು, ದೇವರ ಜೊತೆ ಹೋರಾಡಿದವನು ಅಂತ.

ಇನ್ನೊಂದು ಮಾತು ಹೇಳಿದ್ದರು. ಯಾಕೋಬನ ತಾತ ಅಬ್ರಾಮ ಅಬ್ರಹಾಮ ಆದ ಮೇಲೆ ಅವನ ಕಥೆಯಲ್ಲಿ ಹಳೆಯ ಹೆಸರು ಮತ್ತೆ ಬರುವುದಿಲ್ಲ. ಆದರೆ ಯಾಕೋಬನ ಹಳೇ ಹೆಸರು ಹೋಗುವುದೇ ಇಲ್ಲ, ಎರಡೂ ಕೊನೆಯವರೆಗೆ ಒಟ್ಟಿಗೇ ನಡೆಯುತ್ತವೆ. ದೇವರೂ ಪ್ರವಾದಿ ಮೋಶೆಗೆ ತನ್ನ ಪರಿಚಯ ಹೇಳುವಾಗ 'ಯಾಕೋಬನ ದೇವರು' ಅಂತಲೇ ಹೇಳೋದು. ಪೇತ್ರನದೂ ಇದೇ ಕಥೆ. ಶಿಷ್ಯ ಸೀಮೋನನಿಗೆ ಪೇತ್ರ, ಅಂದರೆ ಬಂಡೆ, ಅಂತ ಹೆಸರಿಟ್ಟವನೇ ಯೇಸು, ಆದರೆ ಗೆತ್ಸೇಮನೆ ತೋಟದಲ್ಲಿ ಅವನು ನಿದ್ದೆ ಹೊಡೆಯುತ್ತಿದ್ದಾಗ ಎಬ್ಬಿಸಿದ್ದು "ಸೀಮೋನನೇ" ಅಂತ. ಬಂಡೆ ಮಲಗಿಬಿಟ್ಟಿತ್ತು, ಅಲ್ವಾ? (ಮೊದಲು ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲ ತಾನೇ ಕ್ರೈಸ್ತನಾದ ಕೂಡಲೇ ಪೌಲ ಅಂತ ಹೆಸರು ಬದಲಾಯಿಸಿಕೊಂಡ ಅಂತ ಈಗಲೂ ಜಾಸ್ತಿ ಜನ ಹೇಳುತ್ತಾರೆ. ಹಾಗೇನಿಲ್ಲ. ಅಪೊಸ್ತಲರ ಕೃತ್ಯಗಳು 13ರಲ್ಲಿ 'ಪೌಲನೆಂಬ ಸೌಲ' ಅಂತ ಅಷ್ಟೇ ಇದೆ, ಎರಡೂ ಅವನ ಹೆಸರುಗಳೇ.)

ಬಿರುದುಗಳ ವಿಷಯದಲ್ಲಿ ನನ್ನ ಮಾನ ಹೋಗಿದ್ದು ಪರೀಕ್ಷೆಯಲ್ಲಿ. ಕ್ರಿಸ್ತ ಅಂದರೆ ಯೇಸುವಿನ ಮನೆತನದ ಹೆಸರು ಅಂತ ಬರೆದಿದ್ದೆ. ಸೊನ್ನೆ. ಮಾರನೇ ದಿನ ಮೇಷ್ಟ್ರು ಒಂದು ಪುಟ್ಟ ಎಣ್ಣೆ ಬಾಟಲಿ ತಂದು ನನ್ನ ಅಂಗೈಗೆ ನಾಲ್ಕು ಹನಿ ಬಿಟ್ಟರು. ಒರೆಸಿಕೊಳ್ಳಲು ಬಿಡಲಿಲ್ಲ, ಹಾಗೇ ಬರಿ ಅಂದರು. ಯೇಸು ಅನ್ನೋದು ಹೆಸರು, ಯೆಹೋಶುವ ಅನ್ನೋದರ ಚಿಕ್ಕ ರೂಪ, 'ಯೆಹೋವನೇ (ಅಂದರೆ ದೇವರೇ) ರಕ್ಷಣೆ'. ಕ್ರಿಸ್ತ ಅನ್ನೋದು ಪದವಿ. ಹೀಬ್ರೂ ಮೆಸ್ಸೀಯನಿಗೆ ಗ್ರೀಕ್ ಮಾತು, ಎಣ್ಣೆಯಿಂದ ಅಭಿಷೇಕ ಆದವನು ಅಂತ. ಪ್ರವಾದಿ ಸಮುವೇಲ ದಾವೀದನನ್ನು ರಾಜ ಅಂತ ಗುರುತಿಸಿ ತಲೆಗೆ ಎಣ್ಣೆ ಸುರಿದ ಹಾಗೆ. ಪ್ರವಾದಿ ಯೆಶಾಯನ ಪುಸ್ತಕದ 45ನೇ ಅಧ್ಯಾಯದಲ್ಲಿ ಪಾರಸಿಯ ರಾಜ ಕೋರೆಷನನ್ನೂ (ಸೈರಸ್) ದೇವರ ಅಭಿಷಿಕ್ತ ಅಂತ ಕರೆದಿದೆ ಅಂದಾಗ ನಮಗೆ ಆಶ್ಚರ್ಯ, ಅವನು ಯೆಹೂದ್ಯನೇ ಅಲ್ಲ. ಆ ನೋಟ್ ಬುಕ್ ನನ್ನ ಹತ್ತಿರ ಈಗಲೂ ಇದೆ. ಎಣ್ಣೆ ಇಳಿದ ಜಾಗದಲ್ಲಿ ಹಾಳೆ ಗಾಜಿನ ಥರ ಆಗಿ, ಹಿಂದಿನ ಪುಟದ ಅಕ್ಷರ ಉಲ್ಟಾ ಕಾಣುತ್ತದೆ.

ಪೇತ್ರ "ನೀನು ಕ್ರಿಸ್ತನು" ಅಂದಾಗ ಯಾರಿಗೂ ಹೇಳಬೇಡಿ ಅಂತ ಯೇಸು ಗದರಿಸಿದ್ದು ಯಾಕೆ ಅಂತ ನಾನು ಕೇಳಿದ್ದೆ. ಜನ ಆ ಮಾತು ಕೇಳಿದರೆ ಕತ್ತಿ ಹಿಡಿದ ರಾಜನನ್ನು ಹುಡುಕುತ್ತಾರೆ ಕಣೋ ಅಂದರು. ತನ್ನ ಬಗ್ಗೆ ಯೇಸು ಜಾಸ್ತಿ ಬಳಸಿದ್ದು 'ಮನುಷ್ಯಕುಮಾರ' ಅಂತ. ಯೆಹೆಜ್ಕೇಲನ ಪುಸ್ತಕದಲ್ಲಿ ಅದಕ್ಕೆ ಬರೀ ನರಮನುಷ್ಯ ಅಂತ ಅರ್ಥ. ದಾನಿಯೇಲ 7ರಲ್ಲಿ ಮೇಘಗಳ ಜೊತೆ ಬಂದು ರಾಜ್ಯ ಪಡೆಯುವವನೂ ಮನುಷ್ಯಕುಮಾರನಂತಿದ್ದಾನೆ. ಕೇಳಿದವರು ತಮಗೆ ಯಾವುದು ಕೇಳಿಸಿತೋ ಅದನ್ನು ತೊಗೊಂಡು ಹೋಗಬಹುದಿತ್ತು. ಇದು ನನಗೆ ಅರ್ಥವಾಗಲು ಶಾಲೆ ಬಿಟ್ಟು ಎಷ್ಟೋ ವರ್ಷ ಬೇಕಾಯಿತು.

ಮೇಷ್ಟ್ರನ್ನು ಕೊನೆಯ ಸಲ ನೋಡಿದಾಗ ಅವರಿಗೆ ಕಣ್ಣು ಪೂರ್ತಿ ಮಂಜಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ "ಯಾರಪ್ಪಾ?" ಅಂದರು.

"ಹಿಮ್ಮಡಿ, ಸರ್."

ಕೈ ಚಾಚಿ ನನ್ನ ಮುಂಗೈ ಹಿಡಿದುಕೊಂಡರು. ಹೆಬ್ಬೆರಳಿನಿಂದ ಮೇಲೆ ಕೆಳಗೆ ಸವರಿ ನೋಡಿದರು.

"ಕೂದಲೇನೂ ಜಾಸ್ತಿ ಇಲ್ಲ. ನೀನೇ. ಬಾ, ಕೂತ್ಕೋ."